ಒಂದು ಅಡಿ ಜಾಗ, ಒಂದು ಗಂಟೆ

ಬೀದಿಯವರೆಲ್ಲ ಸೇರಿ ಮಾಡುವ ನಮ್ಮ ತೋಟದಲ್ಲಿ ಮೊದಲ ವರ್ಷ ನಾವು 40 ಸಸಿ ನೆಟ್ಟೆವು. ಮೂರು ತಿಂಗಳಾದ ಮೇಲೆ ಉಳಿದಿದ್ದು 9.

ನೆಟ್ಟ ದಿನ ಎಷ್ಟು ಸಡಗರ ಇತ್ತು ಗೊತ್ತಾ? ನಮ್ಮ ಬೀದಿ, ಪಕ್ಕದ ಬೀದಿ ಸೇರಿ ಅರ್ಧಕ್ಕಿಂತ ಜಾಸ್ತಿ ಮನೆಯವರು ಬಂದಿದ್ದರು. ಗುಂಡಿಗಳನ್ನು ಹಿಂದಿನ ದಿನವೇ ತೋಡಿಸಿಟ್ಟಿದ್ದೆವು. ಬಂದವರು ಸಸಿ ಇಟ್ಟರು, ಮಣ್ಣು ಎಳೆದರು, ಒಂದು ಚೊಂಬು ನೀರು ಹಾಕಿದರು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿದಿತ್ತು. ಅವರ ಖುಷಿ ನಿಜವಾದದ್ದೇ. ಅದರ ಬಗ್ಗೆ ನನಗೆ ಇವತ್ತಿಗೂ ಅನುಮಾನ ಇಲ್ಲ. ಆದರೆ ನಾಳೆ ನೀರು ಹಾಕೋದು ಯಾರು ಅಂತ ಯಾರೂ ಕೇಳಲಿಲ್ಲ. ಕಾರ್ಯಕ್ರಮ ಏರ್ಪಾಡು ಮಾಡಿದ್ದ ನಾನೂ ಕೇಳಲಿಲ್ಲ.

ಒಣಗಿದ ಸಸಿಗಳನ್ನು ಕೀಳಲು ಹೋದ ದಿನ ನಾವು ನಾಲ್ಕೇ ಜನ. ಬಲ ಹಾಕಬೇಕಾಗಿಯೇ ಬರಲಿಲ್ಲ. ಹಿಡಿದೆಳೆದರೆ ಬುಡಸಮೇತ ಬಂದವು. ಬೇರು ನೋಡಿದರೆ ನರ್ಸರಿಯ ಪ್ಲಾಸ್ಟಿಕ್ ಚೀಲದ ಆಕಾರದಲ್ಲೇ ಇತ್ತು. ಚೀಲದೊಳಗೆ ಜಾಗ ಸಾಲದೆ ಗಿರಕಿ ಹೊಡೆದ ಬೇರು ಸಿಂಬೆಯ ಹಾಗೆ ಸುತ್ತಿಕೊಂಡು ಹಾಗೇ ಒಣಗಿತ್ತು. ಒಂದೆಳೆಯೂ ಸುತ್ತಲಿನ ಮಣ್ಣಿಗೆ ಇಳಿದಿರಲಿಲ್ಲ. ನೆಡುವಾಗ ಆ ಸುತ್ತನ್ನು ಬೆರಳಿನಲ್ಲಿ ಬಿಡಿಸಬೇಕಿತ್ತು. ಗುಂಡಿಯ ಪಕ್ಕೆಗಳನ್ನು ಗುದ್ದಲಿಯಿಂದ ಒಂದಿಷ್ಟು ಸಡಿಲ ಮಾಡಬೇಕಿತ್ತು. ಇದನ್ನು ಹೇಳಿಕೊಡೋಕೆ ಎರಡು ನಿಮಿಷ ಸಾಕು. ಫೋಟೋಗೆ ಕೊಟ್ಟ ಸಮಯದಲ್ಲಿ ಹತ್ತು ಸಲ ಹೇಳಬಹುದಿತ್ತು.

ಆ ಬೇರನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತಿದ್ದೆ. ಬೇಜಾರು ಆಯಿತು. ಅದಕ್ಕಿಂತ ಹೆಚ್ಚಾಗಿ ಒಂದು ವಿಷಯ ಅರ್ಥವಾಯಿತು. ಜನ ಒಂದು ಸಲ ಬಂದು ಹೋದರೆ ತೋಟ ಬದುಕೋದಿಲ್ಲ. ಮತ್ತೆ ಬಂದು ನೋಡಬೇಕು ಅನ್ನಿಸುವಂಥದ್ದು ಏನಾದರೂ ಅವರ ಕಣ್ಣಿಗೆ ಬೀಳಬೇಕು. ಆಮೇಲೆ ನಾವು ಮಾಡಿದ ಎಲ್ಲ ಕಾರ್ಯಕ್ರಮವನ್ನೂ ಇದೊಂದೇ ಲೆಕ್ಕದಲ್ಲಿ ಅಳೆದಿದ್ದೇವೆ: ಬಂದವರು ಮುಂದಿನ ವಾರ ತಾವಾಗಿಯೇ ಬಂದರಾ?

ಎರಡನೇ ವರ್ಷ ಏನೂ ನೆಡದೆ ಶುರು ಮಾಡಿದೆವು. ಮೊದಲ ಶನಿವಾರ ಒಂದೊಂದು ಖಾಲಿ ಗಾಜಿನ ಬಾಟಲಿ ತನ್ನಿ ಅಂತ ಎಲ್ಲರಿಗೂ ಹೇಳಿದ್ದೆವು, ಅಷ್ಟೇ. ಜಾಗದ ಬೇರೆ ಬೇರೆ ಮೂಲೆಯಿಂದ ಮಣ್ಣು ತೆಗೆದು, ಕಲ್ಲು ಕಡ್ಡಿ ಆರಿಸಿ, ಬಾಟಲಿಯ ಮೂರನೇ ಒಂದು ಭಾಗ ತುಂಬೋದು. ಮೇಲೆ ನೀರು, ಒಂದು ಚಿಟಿಕೆ ಸೋಪಿನ ಪುಡಿ. ಮುಚ್ಚಳ ಬಿಗಿಮಾಡಿ ಚೆನ್ನಾಗಿ ಕುಲುಕಿ, ಅಲುಗಾಡದ ಕಡೆ ಇಟ್ಟುಬಿಡೋದು. ಒಂದೆರಡು ನಿಮಿಷದಲ್ಲಿ ಮರಳು ತಳ ಸೇರುತ್ತದೆ. ಕೆಲವು ಗಂಟೆಗಳಲ್ಲಿ ಅದರ ಮೇಲೆ ನುಣ್ಣನೆಯ ರೇವೆ ಕೂರುತ್ತದೆ. ಜೇಡಿ ಮಾತ್ರ ಒಂದು ದಿನ, ಕೆಲವು ಸಲ ಎರಡು ದಿನ, ನೀರಿನಲ್ಲಿ ತೇಲುತ್ತಾ ನೀರನ್ನು ಕದಡಿಕೊಂಡೇ ಇರುತ್ತದೆ.

ಈ ಆಟದಲ್ಲಿ ನನಗೆ ಇಷ್ಟವಾದದ್ದೇ ಈ ನಿಧಾನ. ಮೂರನೇ ಪದರ ನೋಡಬೇಕು ಅಂದ್ರೆ ಮರುದಿನ ಬರಲೇಬೇಕು. ಬಂದರು! ಸಾಲಾಗಿ ಇಟ್ಟಿದ್ದ ಬಾಟಲಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ನಿಮ್ಮದರಲ್ಲಿ ಮರಳು ಎಷ್ಟು, ನಮ್ಮದರಲ್ಲಿ ಜೇಡಿ ಎಷ್ಟು ಅಂತ ಸ್ಕೇಲ್ ಹಿಡಿದು ಅಳೆದರು. ನಮ್ಮ ಜಾಗದ ಬಡಗಣ ಮೂಲೆಯ ಬಾಟಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜೇಡಿ. ಮೊದಲ ವರ್ಷ ಅತಿ ಹೆಚ್ಚು ಸಸಿ ಸತ್ತಿದ್ದು ಅದೇ ಮೂಲೆಯಲ್ಲಿ. ಒಣಗಿದಾಗ ಇಟ್ಟಿಗೆಯಂತಾಗುವ, ನೆನೆದಾಗ ಗಾಳಿಯಾಡದ ಮಣ್ಣಿನಲ್ಲಿ ಆ ಪುಟ್ಟ ಬೇರುಗಳು ಏನು ತಾನೇ ಮಾಡಿಯಾವು? ಅದನ್ನು ನಾನು ಬಾಯಿಮಾತಲ್ಲಿ ಹೇಳಬೇಕಾಗಲಿಲ್ಲ. ಬಾಟಲಿ ನೋಡಿ ಅವರೇ ಹೇಳಿದರು.

ಮಣ್ಣಿನ ವಿಷಯದಲ್ಲೇ ಇನ್ನೊಂದು ಮಾತು. ಹಳೆಯ ಕಟ್ಟಡ ಕೆಡವಿದ ಜಾಗ, ದೊಡ್ಡ ರಸ್ತೆಯ ಅಂಚು ಇಂಥ ಕಡೆ ತೋಟ ಮಾಡುವವರು ಮೊದಲು ಮಣ್ಣಿನಲ್ಲಿ ಸೀಸ ಇದೆಯಾ ಅಂತ ಪರೀಕ್ಷೆ ಮಾಡಿಸಲೇಬೇಕು. ಹಳೆ ಬಣ್ಣದಲ್ಲಿ ಸೀಸ ಇರುತ್ತಿತ್ತು, ಹಿಂದಿನ ಪೆಟ್ರೋಲಿನಲ್ಲೂ ಇರುತ್ತಿತ್ತು. ಅದು ಮಣ್ಣಿನಿಂದ ತಾನಾಗಿ ಹೋಗೋದಿಲ್ಲ. ಮಕ್ಕಳು ಮಣ್ಣಿನ ಕೈ ಬಾಯಿಗೆ ಹಾಕುತ್ತಾರೆ, ಅವರಿಗೆ ಅದರ ತೊಂದರೆ ದೊಡ್ಡವರಿಗಿಂತ ಜಾಸ್ತಿ. ಸೀಸ ಇದೆ ಅಂತ ಗೊತ್ತಾದರೆ ಅಂಚು ಕಟ್ಟಿ, ಹೊರಗಿನಿಂದ ಒಳ್ಳೆ ಮಣ್ಣು ತಂದು, ಎತ್ತರದ ಮಡಿ ಮಾಡಿಕೊಳ್ಳಬಹುದು. ಇದನ್ನು ಮಾತ್ರ ಆಮೇಲೆ ನೋಡೋಣ ಅಂತ ಮುಂದಕ್ಕೆ ಹಾಕಬೇಡಿ.

ಮಣ್ಣಾಯಿತು, ಇನ್ನು ನೀರು. ನಮ್ಮಲ್ಲಿರೋದು ಒಂದೇ ನಲ್ಲಿ. ಒಂದು ನಲ್ಲಿ, ಹದಿನೆಂಟು ಮನೆ ಅಂದ್ರೆ ಜಗಳಕ್ಕೆ ಬೇರೆ ಕಾರಣ ಬೇಕಾ? ಪೈಪ್ ಸುತ್ತಿಡದೆ ಹೋದವರು ಯಾರು, ನನ್ನ ಮಡಿಯ ಸರದಿಯಲ್ಲಿ ನೀರು ತಿರುಗಿಸಿಕೊಂಡವರು ಯಾರು ಅಂತ ದಿನಾ ಮಾತು. ಮೊದಲು ನಾನೊಬ್ಬಳೇ ಕೂತು ನಿಯಮ ಬರೆದು ಗೇಟಿಗೆ ಅಂಟಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನ್ಯಾಯವೇ ಅದು. ಅವರನ್ನು ಕೇಳದೆ ಬರೆದ ನಿಯಮ ಅವರದ್ದು ಹೇಗಾಗುತ್ತದೆ?

ಎಲಿನಾರ್ ಆಸ್ಟ್ರಮ್ ಅವರ ಕೆಲಸದ ಬಗ್ಗೆ ಓದಿದ್ದು ಆ ಹೊತ್ತಿನಲ್ಲಿ ನನ್ನ ಕೈ ಹಿಡಿಯಿತು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ. ಸ್ಪೇನಿನ ಕಾಲುವೆ ನೀರು, ಸ್ವಿಟ್ಜರ್‌ಲೆಂಡಿನ ಬೆಟ್ಟದ ಹುಲ್ಲುಗಾವಲು, ಫಿಲಿಪೀನ್ಸಿನ ನೀರಾವರಿ ಸಂಘ, ಹೀಗೆ ಜನ ತಲೆಮಾರುಗಳ ಕಾಲ ಹಂಚಿಕೊಂಡೂ ಹಾಳುಮಾಡದೆ ಉಳಿಸಿಕೊಂಡ ಆಸ್ತಿಗಳನ್ನು ಅವರು ಅಧ್ಯಯನ ಮಾಡಿದರು. ಅಲ್ಲೆಲ್ಲ ಅವರಿಗೆ ಕಂಡದ್ದು ಇದು. ಬಳಸುವವರೇ ಸೇರಿ ನಿಯಮ ಮಾಡಿಕೊಂಡಿರುತ್ತಾರೆ. ಪಾಲಿಸ್ತಾ ಇದ್ದಾರಾ ಅಂತ ಅವರವರೇ ಕಣ್ಣಿಟ್ಟಿರುತ್ತಾರೆ. ತಪ್ಪಿದವರಿಗೆ ಮೊದಲ ಸಲ ಸಣ್ಣ ಶಿಕ್ಷೆ, ಮತ್ತೆ ಮತ್ತೆ ತಪ್ಪಿದರೆ ಜಾಸ್ತಿ. ಹೊರಗಿನಿಂದ ಯಾರೋ ಬಂದು ಗದರಿಸೋದು ಇಲ್ಲವೇ ಇಲ್ಲ.

ಗೇಟಿನ ಚೀಟಿ ಕಿತ್ತು ಹಾಕಿದೆ. ಎಲ್ಲರನ್ನೂ ಕೂರಿಸಿ ಕೇಳಿದೆ. ಎರಡು ಗಂಟೆ ಮಾತಾಯಿತು, ದನಿಯೂ ಏರಿತು. ಕೊನೆಗೆ ಅವರು ಮಾಡಿಕೊಂಡ ಏರ್ಪಾಡು ನನ್ನದಕ್ಕಿಂತ ಸರಳವಾಗಿತ್ತು. ವಾರದ ಒಂದೊಂದು ದಿನ ಇಬ್ಬಿಬ್ಬರ ಪಾಳಿ. ಆ ಇಬ್ಬರು ತಮ್ಮ ಮಡಿಗೆ ಮಾತ್ರ ಅಲ್ಲ, ಇಡೀ ತೋಟಕ್ಕೆ ನೀರು ಹಾಕಬೇಕು. ಪಾಳಿ ತಪ್ಪಿಸಿದವರು ಮುಂದಿನ ಭಾನುವಾರ ಗೊಬ್ಬರದ ರಾಶಿ ತಿರುವಿ ಹಾಕಬೇಕು. "ತಮ್ಮ ಮಡಿಗೆ ಮಾತ್ರ ಅಲ್ಲ" ಅನ್ನೋದು ಒಬ್ಬ ಅಜ್ಜಿಯ ಮಾತು. ಬೇರೆಯವರ ಗಿಡಕ್ಕೆ ನೀರು ಹಾಕಿದವರಿಗೇ ಆ ಗಿಡದ ಮೇಲೆ ಕಣ್ಣು ಬೀಳೋದು ಅಂತ ಅವರು ಹೇಳಿದರು. ಹಾಗೇ ಆಯಿತು. ಈಗ ಯಾರ ಮಡಿಯಲ್ಲಿ ಯಾವ ಹೂ ಬಿಟ್ಟಿದೆ ಅಂತ ಎಲ್ಲರಿಗೂ ಗೊತ್ತು.

ಈಗ ನನಗೆ ಅತಿ ಪ್ರೀತಿಯ ಕಾರ್ಯಕ್ರಮದ ಬಗ್ಗೆ ಹೇಳ್ತೀನಿ. ಅದಕ್ಕೆ ಬೇಕಾಗಿರೋದು ನಾಲ್ಕು ಕಡ್ಡಿ, ಒಂದು ದಾರ. ಅಷ್ಟೇ. ಎಲ್ಲಾದರೂ ಒಂದು ಅಡಿ ಉದ್ದ, ಒಂದು ಅಡಿ ಅಗಲದ ಜಾಗಕ್ಕೆ ದಾರ ಕಟ್ಟಿ ಅದರ ಮುಂದೆ ಒಂದು ಗಂಟೆ ಕೂರೋದು. ಕಂಡದ್ದನ್ನು ಬರೆಯೋದು, ಬರೆಯಲು ಬಾರದಿದ್ದರೆ ಚಿತ್ರ ಬಿಡಿಸೋದು. ಹೆಸರು ಗೊತ್ತಿರಬೇಕಾಗಿಲ್ಲ. ಮೊದಲ ಹತ್ತು ನಿಮಿಷ ಎಲ್ಲರೂ ಚಡಪಡಿಸುತ್ತಾರೆ. ಇಲ್ಲಿ ಏನೂ ಇಲ್ಲ ಅಂತಾರೆ. ದೊಡ್ಡವರದ್ದೇ ಈ ತಕರಾರು ಜಾಸ್ತಿ. ಹದಿನೈದನೇ ನಿಮಿಷದ ಹೊತ್ತಿಗೆ ದನಿ ತಗ್ಗುತ್ತದೆ. ಇಪ್ಪತ್ತೈದು ದಾಟಿದ ಮೇಲೆ ನೀವು ಹತ್ತಿರ ಹೋದರೂ ಅವರು ತಲೆ ಎತ್ತೋದಿಲ್ಲ.

ಒಮ್ಮೆ ನಾನು ಕೂತ ಜಾಗದಲ್ಲಿ ಬರಿ ನೆಲ, ಎರಡು ಗರಿಕೆ ಎಸಳು, ಪಕ್ಕದ ಗುಲಾಬಿ ಗಿಡದ ಒಂದು ಬಾಗಿದ ಕೊಂಬೆ. ಆ ಎಲೆಗಳ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಷ್ಟು ನೀಟಾಗಿ ಅರ್ಧಚಂದ್ರದ ತೂತುಗಳಿದ್ದವು. ಎಷ್ಟೋ ದಿನದಿಂದ ಅವನ್ನು ನೋಡಿ, ಏನೋ ಹುಳ ತಿಂದಿದೆ ಅಂದುಕೊಂಡಿದ್ದೆ. ಆವತ್ತು ಕಣ್ಣೆದುರಿಗೇ ಒಂದು ಕಂದು ಬಣ್ಣದ ಜೇನು ಬಂದು ಎಲೆಯ ಅಂಚಿಗೆ ಕೂತಿತು. ಬಾಯಿಂದ ಕತ್ತರಿಸುತ್ತಾ ಒಂದು ಸುತ್ತು ಬಂತು. ಕೆಲವೇ ಸೆಕೆಂಡು. ತುಂಡು ಎಲೆಯಿಂದ ಬಿಡುತ್ತಿದ್ದ ಹಾಗೆ ಅದನ್ನು ಹೊಟ್ಟೆಯ ಕೆಳಗೆ ಸುರುಳಿ ಮಾಡಿ ಹಿಡಿದುಕೊಂಡು ಹಾರಿತು. ಅದು ಎಲೆ ಕತ್ತರಿಸುವ ಒಂಟಿ ಜೇನು. ಎಲೆಯನ್ನು ತಿನ್ನೋದಿಲ್ಲ. ಆ ತುಂಡುಗಳನ್ನು ಸೇರಿಸಿ ಒಂದು ಪುಟ್ಟ ತೊಟ್ಟಿಲು ಮಾಡಿ, ಅದರಲ್ಲಿ ಪರಾಗದ ಉಂಡೆ ಇಟ್ಟು, ಒಂದು ಮೊಟ್ಟೆ ಇಟ್ಟು ಮುಚ್ಚುತ್ತದೆ. ಗಿಡಕ್ಕೆ ಹೇಳಿಕೊಳ್ಳುವಂಥ ತೊಂದರೆ ಇಲ್ಲ.

ಆ ಗಂಟೆ ಮುಗಿದ ಮೇಲೆ ಎಲ್ಲರೂ ಸುತ್ತ ಕೂತು ಮಾತಾಡುವಾಗ ಜೇನಿನ ಬಗ್ಗೆಯೇ ಮಾತು ಬೆಳೆಯಿತು. ಗೂಡು ಕಟ್ಟಿ ಗುಂಪಾಗಿ ಬಾಳುವ ಜೇನು ನಮಗೆಲ್ಲ ಗೊತ್ತು. ಆದರೆ ಜಗತ್ತಿನಲ್ಲಿ ಸುಮಾರು 20,000 ಬಗೆಯ ಜೇನುಗಳಿವೆ, ಅವುಗಳಲ್ಲಿ ಬಹುಪಾಲು ಒಂಟಿ. ತುಂಬ ಬಗೆಯವು ನೆಲದಲ್ಲೇ ಬಿಲ ತೋಡಿ ಮೊಟ್ಟೆ ಇಡುತ್ತವೆ. ಹಾಗಾದರೆ ನಾವು ತೋಟ ಚೆಂದ ಕಾಣಲಿ ಅಂತ ಇಂಚಿಂಚಿಗೂ ಹೊದಿಕೆ ಹಾಕಿದರೆ ಅವು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಕೇಳಿದ್ದು ಒಬ್ಬ ಆಟೋ ಓಡಿಸುವವರು. ಬಿಸಿಲು ಬೀಳುವ ಒಂದು ಮೂಲೆಯನ್ನು ಅಗೆಯದೆ, ಮುಚ್ಚದೆ ಹಾಗೇ ಬಿಡಬೇಕು ಅಂತ ಆವತ್ತೇ ತೀರ್ಮಾನವಾಯಿತು. ಹೊಸಬರು ಬಂದು, ಈ ಮೂಲೆ ಯಾಕೆ ಹೀಗೆ ಬೋಳಾಗಿದೆ ಅಂತ ಕೇಳಿದರೆ ವಿವರಿಸೋದು ಈಗಲೂ ಅವರೇ.

ಎಲ್ಲ ಕಲಿಕೆಯೂ ಇಷ್ಟು ಸುಖವಾಗಿ ಆಗಲಿಲ್ಲ. ಒಂದು ನೋವಿನ ವಿಷಯ ಹೇಳಬೇಕು. ಬೀನ್ಸ್ ಬಳ್ಳಿಯ ಚಿಗುರಿಗೆ ಗಿಡಹೇನು ಮುತ್ತಿಕೊಂಡಿತ್ತು. ಕುಡಿಗಳೆಲ್ಲ ಮುರುಟಿ ಅಂಟಂಟಾಗಿದ್ದವು. ಎಲೆಗಳ ಮೇಲೆ ಬೇರೊಂದು ಹುಳವೂ ಓಡಾಡುತ್ತಿತ್ತು. ಕಪ್ಪು, ಮೈಯೆಲ್ಲ ಮುಳ್ಳುಮುಳ್ಳು, ಕಿತ್ತಳೆ ಬಣ್ಣದ ಚುಕ್ಕೆ, ಪುಟ್ಟ ಮೊಸಳೆಯಂಥ ಆಕಾರ. ನೋಡಿದರೇ ಭಯವಾಗುವ ಹಾಗಿತ್ತು. ಇದೇ ಎಲ್ಲಕ್ಕೂ ಕಾರಣ ಅಂತ ನಾವು ಒಟ್ಟಿಗೆ ನಿಂತು ಸೋಪಿನ ನೀರು ಹೊಡೆದೆವು. ಮಕ್ಕಳ ಕೈಯಲ್ಲೂ ಹೊಡೆಸಿದೆವು. ಕೈಯಲ್ಲಿ ಆರಿಸಿಯೂ ಹಾಕಿದೆವು. ಸುಮಾರು ಮೂವತ್ತು ಇದ್ದಿರಬೇಕು.

ಅವು ಗುಲಗಂಜಿ ಹುಳದ ಮರಿಗಳು. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಆ ಮುದ್ದಾದ ಹುಳ, ಮಕ್ಕಳು ಅಂಗೈ ಮೇಲೆ ಬಿಟ್ಟುಕೊಳ್ಳುವ ಅದೇ ಹುಳ. ಮರಿಯಾಗಿದ್ದಾಗ ಅದು ಹಾಗೆ ಇರುತ್ತದೆ ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವು ಬಂದಿದ್ದು ಗಿಡಹೇನು ತಿನ್ನೋಕೆ. ಒಂದೊಂದು ಮರಿ ದೊಡ್ಡದಾಗುವಷ್ಟರಲ್ಲಿ ನೂರಾರು ಹೇನುಗಳನ್ನು ಮುಗಿಸುತ್ತದೆ. ನಮ್ಮ ಪರವಾಗಿ ಕೆಲಸ ಮಾಡುತ್ತಿದ್ದವರನ್ನೇ ನಾವು ಕೊಂದಿದ್ದೆವು, ಅದೂ ಮಕ್ಕಳ ಕೈಯಿಂದ. ನಿಜ ಗೊತ್ತಾದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ಭಾನುವಾರ ಮಕ್ಕಳನ್ನು ಕರೆದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ತಪ್ಪು ನಮ್ಮದು, ದೊಡ್ಡವರದ್ದು ಅಂತಲೂ ಹೇಳಿದೆ. ಎಂಟು ವರ್ಷದ ಒಬ್ಬಳು ಹುಡುಗಿ ತುಂಬ ಹೊತ್ತು ಸುಮ್ನೆ ಇದ್ದು, "ಆಂಟಿ, ಒಂದೂ ಉಳಿದಿಲ್ವಾ?" ಅಂತ ಕೇಳಿದಳು. ಹುಡುಕಿದೆವು. ಒಂದು ಎಲೆಯ ಅಡಿಯಲ್ಲಿ ಹಳದಿ ಮೊಟ್ಟೆಗಳ ಒಂದು ಗುಂಪು ಸಿಕ್ಕಿತು, ಸಾಸಿವೆಗಿಂತ ಸಣ್ಣವು, ನೆಟ್ಟಗೆ ನಿಲ್ಲಿಸಿಟ್ಟ ಹಾಗೆ. ಆ ಎಲೆಯ ತೊಟ್ಟಿಗೆ ಅವಳು ಕೆಂಪು ದಾರ ಕಟ್ಟಿದಳು.

ಆಮೇಲಿನ ಮೂರು ನಾಲ್ಕು ವಾರ ಆ ಬಳ್ಳಿ ನಮ್ಮ ಪಾಠಶಾಲೆ. ಮೊಟ್ಟೆ ಒಡೆದು ಮರಿ ಬಂದದ್ದು, ಬೆಳೆದ ಹಾಗೆ ಚರ್ಮ ಕಳಚಿದ್ದು, ಹಿಂಬದಿಯನ್ನು ಎಲೆಗೆ ಅಂಟಿಸಿಕೊಂಡು ಗುಂಡಗಾಗಿ ಕದಲದೆ ಕೂತದ್ದು. ಅದು ಸತ್ತೇ ಹೋಯಿತು ಅಂತ ಒಬ್ಬ ಹುಡುಗ ಅತ್ತ. ಒಂದು ಬೆಳಿಗ್ಗೆ ಅದರ ಬೆನ್ನು ಸೀಳಿ ಹುಳ ಹೊರಗೆ ಬಂತು. ಬಣ್ಣವೇ ಇಲ್ಲ, ಚುಕ್ಕೆಯೂ ಇಲ್ಲ, ಮಾಸಲು ಹಳದಿ, ಒದ್ದೆ ಒದ್ದೆ. ಬಿಸಿಲು ಏರಿದ ಹಾಗೆ ಬಣ್ಣವೂ ಏರುತ್ತಾ ಹೋಯಿತು. ಮೊದಲು ಮಸುಕಾಗಿ ಚುಕ್ಕೆ ಮೂಡಿತು, ಆಮೇಲೆ ಕೆಂಪು ತುಂಬಿಕೊಂಡಿತು. ಮಕ್ಕಳು ಶಾಲೆಗೆ ತಡವಾಗಿ ಹೋದರು. ಯಾವ ಅಪ್ಪ ಅಮ್ಮನೂ ಬೈಯಲಿಲ್ಲ, ಯಾಕಂದ್ರೆ ಅವರೂ ಅಲ್ಲೇ ನಿಂತಿದ್ದರು.

ಮಕ್ಕಳಿಗಾಗಿ ಶುರುವಾದದ್ದು ದೊಡ್ಡವರನ್ನು ಎಳೆದುಕೊಳ್ಳೋದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ 1865ರಲ್ಲಿ ಮಕ್ಕಳು ಆಡಲಿ ಅಂತ ಒಂದು ಮೈದಾನ ಮಾಡಿದರು. ಮಕ್ಕಳಿಗೆ ಬಯಲಿನ ಆಟ ಬೇಕು ಅಂತ ಹೇಳುತ್ತಿದ್ದ ಡಾಕ್ಟರ್ ಮೋರಿಟ್ಸ್ ಶ್ರೇಬರ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಕೆಲವು ವರ್ಷದಲ್ಲಿ ಗೆಸೆಲ್ ಎಂಬ ಮೇಷ್ಟ್ರು ಮೈದಾನದ ಅಂಚಿನಲ್ಲಿ ಮಕ್ಕಳಿಗೆ ಪುಟ್ಟ ಪುಟ್ಟ ಮಡಿ ಮಾಡಿಕೊಟ್ಟರು. ಮಕ್ಕಳ ಉತ್ಸಾಹ ಬೇಗ ಇಳಿಯಿತು, ಮಡಿಗಳಲ್ಲಿ ಕಳೆ ಬೆಳೆಯಿತು. ಆಗ ಅಪ್ಪ ಅಮ್ಮಂದಿರು ಕೈ ಹಾಕಿದರು. ಮಕ್ಕಳ ಮಡಿಗಳು ಮನೆಮಂದಿಯ ತೋಟಗಳಾದವು, ಬೇಲಿ ಬಂತು, ಪುಟ್ಟ ಮನೆಗಳು ಬಂದವು. ಜರ್ಮನಿಯಲ್ಲಿ ಇಂಥ ತೋಟಗಳಿಗೆ ಇವತ್ತಿಗೂ ಶ್ರೇಬರ್ ತೋಟ ಅಂತಲೇ ಹೆಸರು.

ಅದಕ್ಕೂ ಮೊದಲು ಫ್ರೀಡ್ರಿಶ್ ಫ್ರೋಬೆಲ್ ಇದ್ದರು. ಕಿಂಡರ್‌ಗಾರ್ಟನ್ ಅನ್ನೋ ಹೆಸರು 1840ರಲ್ಲಿ ಅವರು ಕೊಟ್ಟದ್ದು. ಮಕ್ಕಳ ತೋಟ ಅಂತಲೇ ಅದರ ಅರ್ಥ. ಅಲ್ಲಿ ನಿಜವಾದ ತೋಟವೂ ಇರಬೇಕು ಅಂತ ಅವರು ಬಯಸಿದ್ದರು. ಒಂದೊಂದು ಮಗುವಿಗೂ ಅದರದ್ದೇ ಸಣ್ಣ ಮಡಿ, ಆ ಮಡಿಗಳ ಸುತ್ತ ಎಲ್ಲರೂ ಸೇರಿ ನೋಡಿಕೊಳ್ಳುವ ದೊಡ್ಡ ಮಡಿ. ನಮ್ಮ ಅಜ್ಜಿ ನೀರಿನ ಪಾಳಿಯಲ್ಲಿ ಮಾಡಿದ್ದೂ ಇದನ್ನೇ ಅಲ್ವಾ? ಈ ಹೋಲಿಕೆ ಹೊಳೆದಾಗ ನನಗೆ ತುಂಬ ಸಂತೋಷವಾಯಿತು. ಅವರಿಗೆ ಹೇಳಿದೆ. "ಆ ಪುಣ್ಯಾತ್ಮರೂ ಮಡಿಗೆ ನೀರು ಹಾಕಿರ್ತಾರೆ ಬಿಡಮ್ಮ" ಅಂದರು.

ಹಕ್ಕಿ ಎಣಿಸುವ ಬೆಳಗುಗಳನ್ನೂ ಮಾಡುತ್ತೇವೆ, ವರ್ಷಕ್ಕೆ ನಾಲ್ಕು ಸಲ. ಇದಕ್ಕೂ ಒಳ್ಳೆಯ ಹಿನ್ನೆಲೆ ಇದೆ. ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ಗುಂಪು ಕಟ್ಟಿಕೊಂಡು, ಯಾರು ಜಾಸ್ತಿ ಹಕ್ಕಿ ಪ್ರಾಣಿ ಹೊಡೀತಾರೆ ಅಂತ ಪಂದ್ಯ ಆಡುವ ರೂಢಿ ಇತ್ತು. 1900ರಲ್ಲಿ ಫ್ರಾಂಕ್ ಚ್ಯಾಪ್‌ಮನ್ ಅನ್ನುವ ಪಕ್ಷಿತಜ್ಞರು, ಹೊಡೆಯೋದು ಬಿಟ್ಟು ಎಣಿಸೋಣ ಬನ್ನಿ ಅಂದರು. ಆ ವರ್ಷ ಬಂದವರು 27 ಜನ. ಆ ಎಣಿಕೆ ಇನ್ನೂ ನಡೆಯುತ್ತಿದೆ. ಬ್ರಿಟನ್ನಿನಲ್ಲಿ 1979ರಿಂದ ಮನೆ ತೋಟದಲ್ಲಿ ಒಂದು ಗಂಟೆ ಕೂತು ಹಕ್ಕಿ ಎಣಿಸುವ ಕಾರ್ಯಕ್ರಮ ಇದೆ. ಅದರ ಒಂದು ನಿಯಮ ನಾವೂ ತೆಗೆದುಕೊಂಡಿದ್ದೇವೆ: ಗಂಟೆಯಲ್ಲಿ ಒಟ್ಟು ಎಷ್ಟು ಬಂದವು ಅಂತ ಕೂಡಿಸಬಾರದು, ಒಂದೇ ಹೊತ್ತಿಗೆ ಒಟ್ಟಿಗೆ ಕಂಡದ್ದು ಅತಿ ಹೆಚ್ಚು ಎಷ್ಟು ಅಂತ ಬರೆಯಬೇಕು. ಹಾರಿ ಹೋಗಿ ಮತ್ತೆ ಬಂದ ಅದೇ ಗುಬ್ಬಿಯನ್ನು ಎರಡು ಸಲ ಎಣಿಸುವ ಅಪಾಯ ಇರಲ್ಲ. ಇಷ್ಟು ಸಣ್ಣ ನಿಯಮದಿಂದ ಮಕ್ಕಳಿಗೆ, ಎಣಿಕೆ ಅಂದ್ರೆ ಎಷ್ಟು ಎಚ್ಚರದ ಕೆಲಸ ಅಂತ ಗೊತ್ತಾಯಿತು.

ಗೊಬ್ಬರದ ರಾಶಿಯ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಆಗೋದಿಲ್ಲ. ತರಗೆಲೆ ಎರಡು ಮೂರು ಪಾಲು, ಹಸಿ ಕಸ ಒಂದು ಪಾಲು, ಹಿಂಡಿದರೆ ಒಂದೆರಡು ಹನಿ ಬೀಳುವಷ್ಟು ತೇವ, ಸೊಂಟದೆತ್ತರದ ರಾಶಿ. ಎರಡು ಮೂರು ದಿನದಲ್ಲಿ ಒಳಗೆ ಕಾವು ಏರುತ್ತದೆ. ಚೆನ್ನಾಗಿ ಹಾಕಿದ ರಾಶಿ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಉಂಡು ಬಿಟ್ಟ ಬಿಸಿ ಅದು. ತಂಪು ಬೆಳಿಗ್ಗೆ ರಾಶಿಯನ್ನು ಗುದ್ದಲಿಯಿಂದ ಬಿಡಿಸಿದರೆ ಒಳಗಿನಿಂದ ಹಬೆ ಏಳುತ್ತದೆ. ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಆಮೇಲೆ ಮೆಲ್ಲಗೆ ಅಂಗೈ ಚಾಚುತ್ತಾರೆ. ಬೆಂಕಿ ಇಲ್ಲ, ಕರೆಂಟ್ ಇಲ್ಲ, ಕೈ ಬೆಚ್ಚಗಾಗುತ್ತದೆ. ಕಸ ಬೇರ್ಪಡಿಸಿ ಅಂತ ಎಷ್ಟು ಸಲ ಹೇಳಿದರೂ ಕೇಳದ ಮನೆಯವರೊಬ್ಬರು ಆ ಹಬೆ ನೋಡಿ ಹೋದವರು, ಮಾರನೇ ದಿನದಿಂದ ಹಸಿ ಕಸದ ಡಬ್ಬ ತಾವೇ ತಂದು ಸುರಿಯುತ್ತಿದ್ದಾರೆ. ವಾಸನೆ ಬಂದರೆ ತರಗೆಲೆ ಸಾಲದು ಅಂತ ಅರ್ಥ. ಕಾವು ಏರದಿದ್ದರೆ ಹಸಿ ಕಸವೋ ನೀರೋ ಸಾಲದು. ಇಷ್ಟು ತಿಳಿದರೆ ಮಿಕ್ಕಿದ್ದು ರಾಶಿಯೇ ಕಲಿಸುತ್ತದೆ.

ಜಾಗ ಇಲ್ಲವಲ್ಲ ಅನ್ನುವವರಿಗೆ ನಾನು ನ್ಯೂಯಾರ್ಕಿನ ಒಂದು ಮೂಲೆಯ ಕಥೆ ಹೇಳುತ್ತೇನೆ. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಮತ್ತು ಗೆಳೆಯರು, ಎರಡು ರಸ್ತೆ ಕೂಡುವ ಕಡೆ ಕಸದಿಂದ ತುಂಬಿದ್ದ ಒಂದು ಪಾಳು ಜಾಗವನ್ನು ಚೊಕ್ಕ ಮಾಡಿ ಮಡಿ ಹಾಕಿದರು. ಬೇಲಿಯಾಚೆಗಿನ ಖಾಲಿ ಜಾಗಗಳಿಗೆ ಬೀಜದ ಉಂಡೆ ಎಸೆಯುತ್ತಿದ್ದವರು ಇವರೇ. ಮರುವರ್ಷ ನಗರಾಡಳಿತ ಆ ಜಾಗವನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಲಿಜ್ 1985ರಲ್ಲಿ ತೀರಿಕೊಂಡರು, ಇನ್ನೂ ಚಿಕ್ಕ ವಯಸ್ಸು. ತೋಟ ಈಗಲೂ ಇದೆ, ಅವರ ಹೆಸರಿನಲ್ಲೇ. ಮಾಲೀಕರ ಒಪ್ಪಿಗೆ ಕೇಳಿ, ಕಾಗದದಲ್ಲಿ ಬರೆಸಿಕೊಂಡೇ ಶುರು ಮಾಡಿ ಅನ್ನೋದು ನನ್ನ ಸಲಹೆ. ಬೆಳೆದು ನಿಂತ ಗಿಡಗಳನ್ನು ಬಿಟ್ಟು ಏಳಬೇಕಾಗಿ ಬರುವ ಸಂಕಟ ಯಾರಿಗೂ ಬೇಡ.

ಕಳೆದ ತಿಂಗಳ ಕಾರ್ಯಕ್ರಮ ಎರೆಹುಳುವಿನದ್ದು. ಮಕ್ಕಳಿಗೆ ಚಾರ್ಲ್ಸ್ ಡಾರ್ವಿನ್ ಕಥೆ ಹೇಳಿದೆ. ಡಾರ್ವಿನ್ ಎರೆಹುಳುಗಳನ್ನು ಕುಂಡದಲ್ಲಿ ಸಾಕಿ ಮನೆಯೊಳಗೇ ಇಟ್ಟುಕೊಂಡಿದ್ದರು. ಅವುಗಳಿಗೆ ಕಿವಿ ಕೇಳುತ್ತಾ ಅಂತ ನೋಡೋಕೆ ಸೀಟಿ ಊದಿದರು, ಮಗನ ಕೈಯಲ್ಲಿ ಬಾಸೂನ್ ವಾದ್ಯ ನುಡಿಸಿದರು. ಹುಳಗಳು ಕದಲಲಿಲ್ಲ. ಕುಂಡವನ್ನು ಪಿಯಾನೋ ಮೇಲೇ ಇಟ್ಟು ಒಂದು ಸ್ವರ ಒತ್ತಿದಾಗ ಸರ್ರನೆ ಬಿಲದೊಳಗೆ ಹೋದವು. ಸದ್ದು ಕೇಳದು, ಅದುರಿದರೆ ಗೊತ್ತಾಗುತ್ತದೆ. ಮಕ್ಕಳು ತಕ್ಷಣ ನೆಲಕ್ಕೆ ಅಂಗೈ ತಟ್ಟಿ ನೋಡಿದರು.

ಆದರೆ ಡಾರ್ವಿನ್ ಮಾಡಿದ್ದರಲ್ಲಿ ನನಗೆ ಅತಿ ಇಷ್ಟವಾದ ಪ್ರಯೋಗ ಬೇರೆ. 1842ರಲ್ಲಿ ಡಾರ್ವಿನ್ ತಮ್ಮ ಮನೆಯ ಹತ್ತಿರದ ಒಂದು ಹೊಲದ ಮೇಲೆ ಸೀಮೆಸುಣ್ಣದ ಪುಡಿಗಲ್ಲು ಹರಡಿಸಿ ಬಿಟ್ಟರು. ಎರೆಹುಳುಗಳು ಅಡಿಯ ಮಣ್ಣು ತಿಂದು ಮೇಲೆ ಹಿಕ್ಕೆ ಹಾಕುತ್ತಾ ಹೋದರೆ ಮೇಲಿದ್ದದ್ದು ಕೆಳಗಿಳಿಯಬೇಕು, ಎಷ್ಟು ಇಳಿಯುತ್ತದೆ ಅನ್ನೋದು ಪ್ರಶ್ನೆ. ಅಗೆದು ನೋಡಿದ್ದು 1871ರಲ್ಲಿ. 29 ವರ್ಷ ಆದ ಮೇಲೆ! ಬಿಳಿ ಗೆರೆ 7 ಇಂಚು ಕೆಳಗೆ ಸಿಕ್ಕಿತು. ಎರೆಹುಳುಗಳ ಬಗ್ಗೆ ಅವರು ಬರೆದದ್ದು ಪುಸ್ತಕವಾಗಿ ಬಂದದ್ದು 1881ರಲ್ಲಿ, ಮರುವರ್ಷ ಅವರು ತೀರಿಕೊಂಡರು.

ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕೆಂಪು ದಾರ ಕಟ್ಟಿದ್ದ ಹುಡುಗಿ, ನಾವೂ ಹಾಕೋಣ ಅಂದಳು. ಅಗೆಯಬಾರದು ಅಂತ ಬಿಟ್ಟಿದ್ದ ಆ ಮೂಲೆಯ ಪಕ್ಕದಲ್ಲೇ ಒಂದು ಅಡಿ ಜಾಗಕ್ಕೆ ದಾರ ಕಟ್ಟಿದೆವು. ಸೀಮೆಸುಣ್ಣ ಕುಟ್ಟಿ, ತರಿತರಿಯಾಗಿ ಒಂದು ಪದರ ಹರಡಿದೆವು. ನಿವೃತ್ತ ಮೇಷ್ಟ್ರೊಬ್ಬರು ಕಲ್ಲಿನ ಚಪ್ಪಡಿಯ ಮೇಲೆ ತಾರೀಖು ಬರೆದು ಪಕ್ಕದಲ್ಲಿ ಹೂತರು. ಅಗೆಯೋದು ಯಾವಾಗ ಅನ್ನುವ ಚರ್ಚೆ ಆಯಿತು. ಹತ್ತು ವರ್ಷ ಅಂತ ಗೊತ್ತುಮಾಡಿದೆವು. ಗೇಟಿನ ಹತ್ತಿರದ ನೋಟ್‌ಬುಕ್ಕಿನಲ್ಲಿ ಅಗೆಯಲು ಬರುವವರು ಹೆಸರು ಬರೆಯಬೇಕು ಅಂದಾಗ ಆರು ವರ್ಷದವನೊಬ್ಬ ಮೊದಲು ಬರೆದ, ಮುಂದೆ ಬ್ರಾಕೆಟ್ ಹಾಕಿ "ಆಗ ನನಗೆ 16" ಅಂತ ಸೇರಿಸಿದ. ನೀರಿನ ಪಾಳಿಯ ಅಜ್ಜಿಯೂ ಪೆನ್ನು ಇಸಿದುಕೊಂಡು ತಮ್ಮ ಹೆಸರು ಬರೆದರು. ವಯಸ್ಸು ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಗೇಟು ತೆಗೆಯುವ ಹೊತ್ತಿಗೆ ಮೂರು ಮಕ್ಕಳು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದರು. ಇಳಿದಿದೆಯಾ ಅಂತ ನೋಡೋಕೆ.